ಬದುವಿನ ನಡಿಗೆ

“ಆರಾಮ ಅದೀನಿ ಅಕ್ಕಾ. ತಲಿ ಒಂದೀಟು ಹಿಡದದ, ಎರಡು ಸಲ ವಾಂತಿ ಆತು, ಅಷ್ಟ,” ಎಂದ ಅಮರೇಶ. ಲಡಾಖಿಗೆ ರಸ್ತೆ ಕೆಲಸಕ್ಕೆ ಹೋಗಿ ಎರಡೇ ದಿನವಾಗಿತ್ತು. ದೇವದುರ್ಗದಲ್ಲಿ ನರ್ಸಾಗಿದ್ದ ಅಕ್ಕ ವಿಶಾಖಾ ವಿಡಿಯೊ ಕರೆಯಲ್ಲಿದ್ದ ಫೋನ್ ಹಿಡಿದು ಗೋಡೆಗೊರಗಿದಳು. ಬೆಳಗಿನಿಂದ ಬಂದ ರೋಗಿಗಳೆಲ್ಲ ಆರಾಮ ಎಂದೇ ಮಾತು ಶುರು ಮಾಡಿದ್ದರು. ಕೇಳಿ ಕೇಳಿ ಸಾಕಾಗಿತ್ತು.

ಎತ್ತರದ ತೆಳು ಗಾಳಿಗೆ ಬರುವ ಬೆಟ್ಟದ ಬೇನೆ ಮಿದುಳಿಗೆ ಏರಿದೆಯೇ ಎಂದು ಕಾಲನ್ನೇ ಕೇಳಬೇಕು.

“ಮಾತು ಸಾಕು. ಫೋನ್ ಕಲ್ಲಿನ ಮ್ಯಾಲಿಟ್ಟು, ಗದ್ದಿ ಬದುವಿನ ಮ್ಯಾಲ ನಡದಂಗ, ಒಂದು ಕಾಲಿನ ಹಿಮ್ಮಡಕ್ಕ ಇನ್ನೊಂದು ಕಾಲಿನ ಬೆರಳು ಹಚ್ಚಿ ನೆಟ್ಟಗ ನಡಿ.”

ಸಸಿಯ ಕಟ್ಟು ಹೊತ್ತು ಕೆಸರಿನ ಬದುವಿನ ಮೇಲೆ ಓಡುತ್ತಿದ್ದವನು ಅವನು. ನಗುತ್ತ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕುಡಿದವನಂತೆ ವಾಲಿದ. ಪರದೆಯಲ್ಲಿ ಬರೀ ಬೆಟ್ಟ ಉಳಿಯಿತು.

“ಯಾರರ ಅದೀರೇನ್ರಿ ಅಲ್ಲಿ? ಈಗಿಂದೀಗ ಅವನ್ನ ಕೆಳಗ ಇಳಸ್ರಿ!”

“ಆರಾಮ ಅದೀನಿ ಅಕ್ಕಾ,” ಎಂದಿತು ನೆಲದಿಂದ ದನಿ.