ಭಾಮೈದ ಹತ್ತಿದ ಬಸ್ಸು

ಗೋದಾಮಿನ ತಿರುವು ದಾಟಿದ ಕೂಡಲೇ ರಸ್ತೆಗೆ ಅಡ್ಡಲಾಗಿ ಉರಿಯುತ್ತಿದ್ದ ಟೈರುಗಳು ಡ್ರೈವರನ ಕಣ್ಣಿಗೆ ಬಿದ್ದವು. ಹಿಂದಕ್ಕೆ ತಿರುಗಿಸೋಣವೆಂದರೆ ರಸ್ತೆ ಕಿರಿದು. ಬ್ರೇಕ್ ತುಳಿದು, ಬಾಗಿಲು ಭದ್ರವಾಗಿದೆಯೇ ಎಂದು ನೋಡಿಕೊಂಡ. ಹೊಗೆಯನ್ನು ಸೀಳಿಕೊಂಡು ಬಂದವರೆಲ್ಲ ಅವನದೇ ಡಿಪೋದವರು, ಮೊನ್ನೆಮೊನ್ನೆಯವರೆಗೂ ಜೊತೆಗೆ ಚಹಾ ಕುಡಿದವರು. ಈಗ ಒಬ್ಬರ ಮುಖದಲ್ಲೂ ಗುರುತಿನ ಕಳೆಯಿರಲಿಲ್ಲ. ಎಲ್ಲರಿಗಿಂತ ಮುಂದೆ ಕಲ್ಲು ಹಿಡಿದು ನಿಂತಿದ್ದವನು ಅವನ ಹೆಂಡತಿಯ ತಮ್ಮ, ಡಿಪೋದ ಮೆಕ್ಯಾನಿಕ್.

ಮುಷ್ಕರದ ವಿಷಯಕ್ಕೆ ಭಾವ-ಭಾಮೈದರ ನಡುವೆ ಮನೆಯಲ್ಲೇ ಜಟಾಪಟಿಯಾಗಿತ್ತು. ಕೆಲಸದಿಂದ ತೆಗೆದವರನ್ನು ಮತ್ತೆ ಸೇರಿಸಿಕೊಳ್ಳುವವರೆಗೆ ಒಂದು ಚಕ್ರವೂ ಉರುಳಬಾರದು ಎಂಬುದು ಮೆಕ್ಯಾನಿಕ್‌ನ ಹಟ. ನೌಕರರ ಸಂಘದ ನಾಲ್ಕು ಜನ ಬಾಗಿಲು ಹಾಕಿಕೊಂಡು ತೀರ್ಮಾನಿಸಿದರೆಂದು ಆಸ್ಪತ್ರೆಗೆ ಹೋಗುವವರನ್ನು ಬೀದಿಯಲ್ಲಿ ನಿಲ್ಲಿಸಲಾರೆ ಎಂಬುದು ಡ್ರೈವರನ ವಾದ. ಅರ್ಧ ಊಟಕ್ಕೆ ಎದ್ದವರು ಮತ್ತೆ ಮುಖ ಕೊಟ್ಟು ಮಾತಾಡಿರಲಿಲ್ಲ.

"ಇಳಿ ಕೆಳಗೆ," ಸಂಘದ ಕಾರ್ಯದರ್ಶಿ ಮುಂದಿನ ಗಾಜಿಗೆ ಕೋಲಿನಿಂದ ತಟ್ಟಿದ. ಜೋರಾಗೇನೂ ತಟ್ಟಲಿಲ್ಲ, ಮನೆಯ ಬಾಗಿಲು ತಟ್ಟುವ ಹಾಗೆ ಮೆಲ್ಲಗೆ. ಅದೇ ಡ್ರೈವರನ ಎದೆ ನಡುಗಿಸಿತು. ಹೀಗೆಯೇ ಕೆಳಗಿಳಿದ ಇನ್ನೊಬ್ಬ ಡ್ರೈವರ್ ದವಡೆಗೆ ತಂತಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಇವನೇ ಹೋಗಿ ಅವನ ಬಾಯಿಗೆ ಕೊಳವೆ ಹಿಡಿದು ನೀರು ಕುಡಿಸಿ ಬಂದಿದ್ದ. ಕಲ್ಲೊಂದು ಬಡಿದು ಪಕ್ಕದ ಕಿಟಕಿಯ ಗಾಜು ಒಡೆದು ಸೀಟುಗಳ ಮೇಲೆ ಚೆಲ್ಲಿತು. ಡಯಾಲಿಸಿಸ್‌ಗೆ ಹೊರಟಿದ್ದ ಮುದುಕನನ್ನು ಮಗಳು ಬಾಚಿ ತಬ್ಬಿಕೊಂಡಳು. ಉಳಿದ ಪ್ರಯಾಣಿಕರು ತಲೆ ತಗ್ಗಿಸಿ ಸೀಟಿನ ಸಂದಿಗಳಲ್ಲಿ ಕೂತರು. "ತೆಗೀಬೇಡಿ ಅಣ್ಣಾ, ಬಾಗಿಲು ಮಾತ್ರ ತೆಗೀಬೇಡಿ," ಎಂದು ಮುದುಕನ ಮಗಳು ಪಿಸುಗುಟ್ಟುತ್ತಲೇ ಇದ್ದಳು.

ಅಷ್ಟರಲ್ಲಿ ಬಾಗಿಲಿನಿಂದ ಬುಸ್ ಎಂದು ಗಾಳಿ ಹೋದ ಸದ್ದು. ಹೊರಗಿನಿಂದ ಬಾಗಿಲು ಬಿಡಿಸುವ ಗುಟ್ಟು ಮೆಕ್ಯಾನಿಕ್‌ಗಳಿಗೆ ಮಾತ್ರ ಗೊತ್ತು. ತೆರೆದ ಬಾಗಿಲಲ್ಲಿ ಭಾಮೈದ ಕಲ್ಲಿನ ಸಮೇತ ಮೇಲೆ ಬಂದ. ಮನೆಯವನೇ ಕತ್ತು ಕೊಯ್ದ ಎಂದುಕೊಂಡು ಡ್ರೈವರ್ ಕಣ್ಣು ಮುಚ್ಚಿದ.

ಏಟು ಬೀಳಲಿಲ್ಲ. ಭಾಮೈದ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು, ಕಲ್ಲನ್ನು ಕಾಲ ಬಳಿ ಇಟ್ಟು, ಮುಂದಿನ ಗಾಜಿಗೆ ಎದೆಯೊಡ್ಡಿ ನಿಂತ.

"ಲೇ, ನೀನು ಯಾರ ಕಡೆಯೋ?" ಕಾರ್ಯದರ್ಶಿ ಕೂಗಿದ.

"ನಿಮ್ಮ ಕಡೇನೇ. ಬೆಳಗಾದ್ರೆ ಡಿಪೋ ಗೇಟಿನ ಮುಂದೆ ಬಂದು ಕೂರ್ತೀನಿ. ಈಗ ಹೊಡೆದ್ರೆ ಮೊದಲು ನನ್ನ ತಲೆ ಒಡೆಯುತ್ತೆ. ಸಂಘದವರು ಸಂಘದವನ ತಲೇನೇ ಒಡೆದ್ರು ಅಂತ ಆಗುತ್ತೆ, ಯೋಚನೆ ಮಾಡಿ."

ಯಾರೂ ಅಲುಗಲಿಲ್ಲ. ಎಲ್ಲಿಂದ ಮುಂದಿನ ಕಲ್ಲು ಬರಬಹುದೆಂದು ಡ್ರೈವರ್ ಒಂದೊಂದೇ ಕೈಯನ್ನು ನೋಡುತ್ತಿದ್ದ. ಭಾಮೈದ ಹಿಂದಿರುಗಿ ನೋಡದೆ ಸಣ್ಣ ದನಿಯಲ್ಲಿ ಹೇಳಿದ: "ಭಾವ, ಎಂಜಿನ್ ಸದ್ದಲ್ಲೇ ಗೊತ್ತಾಗ್ತಿದೆ, ಕ್ಲಚ್ ಮೇಲೆ ನಿಮ್ಮ ಕಾಲು ನಡುಗ್ತಿದೆ. ಪ್ಲೇಟು ಸುಟ್ಟುಹೋದ್ರೆ ಆಮೇಲೆ ಅದನ್ನ ಬಿಚ್ಚೋನು ನಾನೇ. ನಿಧಾನಕ್ಕೆ ಬಿಡಿ."

ಬಸ್ಸು ತೆವಳಿತು. ಕಾರ್ಯದರ್ಶಿ ಬಹಳ ಹೊತ್ತು ಕದಲದೆ ನಿಂತಿದ್ದವನು, ಬಂಪರ್ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದಾಗ ಪಕ್ಕಕ್ಕೆ ಸರಿದ. ಯಾರೋ ಕೋಲಿನಿಂದ ಟೈರುಗಳನ್ನು ಬದಿಗೆ ತಳ್ಳಿದರು. ಎರಡೂ ಕಡೆಯಿಂದ ಅಂಗೈಗಳು ತಗಡನ್ನು ದಬದಬ ಬಡಿದವು. ಹಿಂದಿನ ಗಾಜು ಒಡೆಯಿತು. ಆಮೇಲೆ ಖಾಲಿ ರಸ್ತೆ.

ಭಾಮೈದ ಗಾಜಿನಿಂದ ಈಚೆಗೆ ಸರಿದ. ಎಂಜಿನ್ನಿನ ಮುಚ್ಚಳದ ಮೇಲೆ ಕುಸಿದು ಕೂತ. "ನಿಮ್ಮನ್ನ ಅಲ್ಲೇ ಬಿಟ್ಟು ಮನೆಗೆ ಹೋಗಿದ್ರೆ ಅಕ್ಕ ಅನ್ನ ಹಾಕ್ತಿದ್ಲಾ?" ಎಂದು ನಗಲು ನೋಡಿದ. "ಒಪ್ಪಿಬಿಟ್ಟೆ ಅಂದ್ಕೋಬೇಡಿ. ನೀವು ಬಸ್ಸು ತೆಗೆದಿದ್ದು ತಪ್ಪು. ಈಗ್ಲೂ ಹೇಳ್ತೀನಿ."

"ಕಲ್ಲು ಹಿಡಿದಿದ್ದು?"

ಭಾಮೈದ ರಸ್ತೆ ನೋಡಿದ. "ಅದು ಇನ್ನೂ ದೊಡ್ಡ ತಪ್ಪು."

"ಎಲ್ಲರನ್ನೂ ಕೂರಿಸಿ ಕೇಳಿ ಕಣೋ. ಹೆಚ್ಚು ಜನ ಓಡಿಸೋದು ಬೇಡ ಅಂದ್ರೆ ನಾನೇ ಬಸ್ಸು ತಗೊಂಡೋಗಿ ಡಿಪೋದಲ್ಲಿ ನಿಲ್ಲಿಸ್ತೀನಿ. ನನ್ನ ತಕರಾರು ಅಷ್ಟೇ."

"ಇದನ್ನ ಅವತ್ತು ಮುಷ್ಕರ ಘೋಷಿಸಿದ ಸಭೆಗೆ ಬಂದು ಹೇಳ್ಬೇಕಿತ್ತು."

"ಹೆದರಿಕೆ ಆಯ್ತು."

ಆಸ್ಪತ್ರೆಯ ಸ್ಟಾಪಿನಲ್ಲಿ ಮುದುಕನನ್ನು ಇಬ್ಬರೂ ಸೇರಿ ಇಳಿಸಿದರು. ಉಳಿದವರೂ ಬಟ್ಟೆಯ ಮೇಲಿನ ಗಾಜಿನ ಚೂರು ಕೊಡವಿಕೊಂಡು ಸರಸರನೆ ಹೊರಟುಹೋದರು. ಭಾಮೈದ ಬಂದ ದಾರಿಯ ಕಡೆಗೇ ತಿರುಗಿದ.

"ಎಲ್ಲಿಗೆ? ಈಗ ಹೋದ್ರೆ ನಿನ್ನನ್ನ ಬಿಡ್ತಾರಾ ಅವರು?"

"ಗೊತ್ತಿಲ್ಲ ಭಾವ. ಇವತ್ತು ಹೋಗದಿದ್ರೆ ಇನ್ಯಾವತ್ತೂ ಅವರ ಮಧ್ಯೆ ನಿಂತು ಮಾತಾಡೋಕೆ ಆಗಲ್ಲ. ನಿಮ್ಮ ಮಾತನ್ನೂ ಹೇಳ್ತೀನಿ. ನನ್ನ ಬಾಯಿಂದ ಬಂದ್ರೆ ಅದಕ್ಕೆ ಎಷ್ಟು ಬೆಲೆ ಸಿಗುತ್ತೋ."

ಅವನು ಹೊರಟ. ಡ್ರೈವರ್ ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತ. ಮನೆಯ ದಾರಿ ಎಡಕ್ಕಿತ್ತು. ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದ. "ನಿಲ್ಲೋ, ನನ್ನ ಮಾತನ್ನ ನಾನೇ ಹೇಳ್ತೀನಿ," ಎಂದು ಕೂಗಿ ದಾಪುಗಾಲು ಹಾಕಿದ. ಭಾಮೈದ ನಿಂತ. ಇಬ್ಬರೂ ಜೊತೆಯಾಗಿ ನಡೆದರು. ಗೋದಾಮಿನ ತಿರುವಿನಲ್ಲಿ ಹೊಗೆ ತೆಳುವಾಗಿತ್ತು. ಅಲ್ಲಿ ಕಲ್ಲಿನ ರಾಶಿಯ ಸುತ್ತ ಕೂತಿದ್ದವರು, ದೂರದಿಂದ ಬರುತ್ತಿರುವ ಇಬ್ಬರನ್ನು ಕಂಡು, ಒಬ್ಬೊಬ್ಬರಾಗಿ ಎದ್ದು ನಿಂತರು.