ಎಣಿಸಿದ್ದು ಹದಿನಾಲ್ಕು

ಗುಟ್ಟಿನಲ್ಲಿ ಬರೆದ ಅಭಿಪ್ರಾಯವೊಂದನ್ನು ಹೀಗೆ ನಾಲ್ಕು ಜನರ ಮುಂದೆ ಇಡುವುದು ಸರಿಯಲ್ಲ. ಇಡುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಬರೆದವಳು ಕೆಟ್ಟವಳಲ್ಲ ಎಂಬುದೊಂದೇ ಸಮಾಧಾನ.

ಪರಿಮಳಾ ಮೂರನೆಯ ಸಲ ಎಣಿಸಿದಳು. ಹದಿನಾಲ್ಕು.

ಯಲ್ಲಾಪುರದ ಕಿವುಡ ಮಕ್ಕಳ ವಸತಿಶಾಲೆಯ ಅರ್ಜಿಯಲ್ಲಿ ಇಪ್ಪತ್ತೆರಡು ಎಂದಿತ್ತು. ಬಾಗಿಲ ಪಕ್ಕದ ಹಲಗೆಯ ಮೇಲೂ ಇಪ್ಪತ್ತೆರಡು. ಪಡಸಾಲೆಯಲ್ಲಿ ಊಟಕ್ಕೆ ಕೂತವರು ಹದಿನಾಲ್ಕೇ.

ಅವಳು ಬಂದದ್ದು ಸಿದ್ದಾಪುರದಿಂದ. ಅಲ್ಲಿ ಅವಳದೊಂದು ಸಣ್ಣ ಸಂಸ್ಥೆ. ಬಸ್ಸು ಹೋಗದ ಊರುಗಳ ಬಸುರಿಯರನ್ನು ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸುವುದು ಅದರ ಕೆಲಸ. ಹಿಂದಿನ ಆಷಾಢದಲ್ಲಿ ಆ ಜೀಪು ನಿಲ್ಕುಂದದ ದಾರಿಯಲ್ಲಿ ಕೆಟ್ಟು ನಿಂತಾಗ ಆ ಊರಿನ ಬೈರನ ಬಸುರಿ ಹೆಂಡತಿ ಒಳಗೇ ಜೀವ ಬಿಟ್ಟಳು. ಪರಿಮಳಾ ಅವಳ ಕೈ ಹಿಡಿದು ಕೂತಿದ್ದಳು. ದೀಪಾವಳಿಯ ಮೇಲೆ ಜೀಪು ಪೂರ್ತಿ ಮಲಗಿತು. ಹೊಸ ಗಾಡಿಯಿಲ್ಲದೆ ಇನ್ನೊಂದು ಮಳೆಗಾಲ ಎದುರಿಸುವುದು ಅವಳಿಂದಾಗದ ಮಾತು.

ಗಾಡಿ ಕೊಡಿಸಬಲ್ಲದ್ದು ಹುಬ್ಬಳ್ಳಿಯ ಒಂದು ಸಮುದಾಯ ಪ್ರತಿಷ್ಠಾನ ಮಾತ್ರ. ಆ ವರ್ಷ, ಅಂದರೆ ೧೯೯೮ರಲ್ಲಿ, ಮೂರು ತಾಲೂಕುಗಳಿಗೆ ಸೇರಿ ಒಂದೇ ಅನುದಾನ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದೊಂದು ಅರ್ಜಿ ಕೊನೆಗೆ ಉಳಿದಿದ್ದವು. ಪ್ರತಿಷ್ಠಾನದ ಕ್ರಮವೇ ಬೇರೆ. ಒಂದು ಸಂಸ್ಥೆಯನ್ನು ಇನ್ನೊಂದು ಸಂಸ್ಥೆಯವರು ಹೇಳದೆ ಹೋಗಿ ನೋಡಬೇಕು, ಗುಟ್ಟಾಗಿ ಅಭಿಪ್ರಾಯ ಬರೆಯಬೇಕು. ತಮ್ಮಲ್ಲಿಗೆ ಯಾರು, ಯಾವಾಗ ಬರುತ್ತಾರೆಂದು ಯಾರಿಗೂ ತಿಳಿಯುವಂತಿಲ್ಲ.

ಬಡಿಸುತ್ತಿದ್ದ ದುರ್ಗಿ ಪರಿಮಳಾಗೂ ತಟ್ಟೆ ಇಟ್ಟಳು. ಹೆಸರು ಕೇಳಲಿಲ್ಲ. ಬಂದವರು ಉಂಡೇಳುವ ಮೊದಲು ಬಂದ ಕೆಲಸ ವಿಚಾರಿಸುವ ರೂಢಿ ಈ ಸೀಮೆಯಲ್ಲಿಲ್ಲ. ಮಕ್ಕಳು ಕೈಸನ್ನೆಯಲ್ಲೇ ಏನೋ ಹೇಳಿಕೊಂಡು ನಗುತ್ತಿದ್ದರು.

“ಮಕ್ಕಳು ಇಷ್ಟೇನಾ?” ಎಂದಳು ಪರಿಮಳಾ.

“ಇವತ್ತ ಇಷ್ಟ ರೀ ಅಕ್ಕಾ. ಉಳದವು ಹೊರಗ ಹೋಗ್ಯಾವು. ನೀವು ಉಣ್ರಿ, ಇವು ನಿಮ್ಮನ್ನ ನೋಡ್ಕೋತ ಉಣ್ಣೂದ ಬಿಟ್ಟಾವು.”

ಎಲ್ಲಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕೇಳಿದರೆ ತಾನು ಯಾರೆಂದು ಹೇಳಬೇಕಾದೀತು. ಶಾಲೆ ನಡೆಸುವ ದಾಕ್ಷಾಯಿಣಿಯೂ ಅಂದು ಇರಲಿಲ್ಲ. ಅನುದಾನಕ್ಕಾಗಿ ಇಲ್ಲದ ಮಕ್ಕಳ ಹೆಸರು ತುಂಬಿಸುವವರನ್ನು ಪರಿಮಳಾ ಕಂಡಿದ್ದಳು. ಅಂಥಲ್ಲಿ ಕೇಳಿದಾಗಲೆಲ್ಲ ಸಿಕ್ಕಿದ್ದೂ ಇದೇ ಉತ್ತರ, ಉಳಿದವರು ಹೊರಗೆ ಹೋಗಿದ್ದಾರೆ ಎಂದು. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಮನಸ್ಸಿನಲ್ಲಿದ್ದದ್ದು ಬೇಸರವೋ ಆಸೆಯೋ ಅವಳಿಗೇ ತಿಳಿಯಲಿಲ್ಲ.

ಶಿರಸಿಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರ ಮುಟ್ಟುವಾಗ ಸಂಜೆಯಾಗಿತ್ತು. ಕಚೇರಿಯ ಹಿಂದೆ ಸುಬ್ಬಿ ಅನ್ನದ ಪಾತ್ರೆ ತಿಕ್ಕುತ್ತಿದ್ದಳು. ಆಸ್ಪತ್ರೆಗೆ ಬಂದವರ ಮನೆಮಂದಿಗೆಲ್ಲ ಅಲ್ಲೇ ಊಟ. ಅಡಿಗೆ ಅವಳದು.

“ಇವತ್ತು ಎರಡು ಸಲ ಅನ್ನಕ್ಕಿಟ್ಟೆ ಅಮ್ಮಾ. ಅಷ್ಟು ಜನ ಉಂಡ್ರೂ ಒಂದು ಮಾತಿಲ್ಲ, ಕತೆಯಿಲ್ಲ.”

ಯಾವ ಊರಿನವರೆಂದು ಪರಿಮಳಾ ಕೇಳಿದಳು.

“ಉಣ್ಣೋಕೆ ಕೂತೋರ ಹತ್ರ ಎಂತ ಕೇಳೋದು? ಕೈ ತೊಳ್ಕಂಡು ಬಸ್ಸಿಗೆ ಓಡಿದ್ರು.”

ಆಸ್ಪತ್ರೆಯಿಂದ ಬರುವವರಿಗೆ ಮಾತು ಎಲ್ಲಿಂದ ಬರಬೇಕು. ಸುಬ್ಬಿ ಇನ್ನೂ ಏನೋ ಹೇಳುವುದರಲ್ಲಿದ್ದಳು. ಪರಿಮಳಾ ಒಳಗೆ ಹೋಗಿಬಿಟ್ಟಳು. ಅವಳ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು.

ಅಭಿಪ್ರಾಯ ಬರೆಯಲು ಎರಡು ದಿನ ಹಿಡಿಯಿತು. ಐದು ಹಾಳೆ ಹರಿದಳು. ಶಾಲೆ ಚೊಕ್ಕಟವಾಗಿದೆ, ಮಕ್ಕಳು ಗೆಲುವಾಗಿದ್ದಾರೆ ಎಂದೆಲ್ಲ ಮನಸಾರೆ ಬರೆದಳು. ಕೊನೆಯ ಸಾಲು ಬರೆದು, ಹೊಡೆದುಹಾಕಿ, ಮತ್ತೆ ಬರೆದಳು: ಅರ್ಜಿಯಲ್ಲಿ ಇಪ್ಪತ್ತೆರಡು ಮಕ್ಕಳೆಂದಿದೆ, ನಾನು ಕಂಡದ್ದು ಹದಿನಾಲ್ಕು. ಉಳಿದವರು ಹೊರಗೆ ಹೋಗಿದ್ದಾರೆಂದು ದುರ್ಗಿ ಹೇಳಿದ್ದನ್ನೂ ಸೇರಿಸಬಹುದಿತ್ತು. ಬೈರನ ಹೆಂಡತಿಯ ಕೈ ನೆನಪಾಯಿತು. ಸೇರಿಸಲಿಲ್ಲ.

ಸಂಸ್ಥೆಯ ಅಧ್ಯಕ್ಷ, ದೊಡ್ಮನೆಯ ವೆಂಕಟ್ರಮಣ, ಸಹಿ ಹಾಕುವ ಮೊದಲು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕೊನೆಯ ಸಾಲು ಬೇಕೇ ಬೇಕೇನು ಎಂದು ಕೇಳಿದರು.

“ಆನು ಕಂಡದ್ದಷ್ಟೇ ಬರದ್ದಿ. ಸುಳ್ಳು ಎಂತದೂ ಇಲ್ಲೆ.”

“ನಮ್ಮಲ್ಲಿಗೂ ಯಾರೋ ಬತ್ವಲೇ ಮಾರಾಯ್ತಿ. ಅವು ಎಂತ ಎಣಿಸ್ತ್ವೋ ಎಂತೋ,” ಎಂದು ಸಹಿ ಹಾಕಿದರು.

ಮೇ ತಿಂಗಳಲ್ಲಿ ದಪ್ಪ ಲಕೋಟೆ ಬಂತು. ಗಾಡಿ ಮಂಜೂರಾಗಿತ್ತು. ಡ್ರೈವರ್ ಕೆರಿಯಪ್ಪನಿಗೆ ಓದು ಬಾರದು. ಆದರೂ ಕಾಗದವನ್ನು ಕೈಗೆ ಕೇಳಿ ಪಡೆದು, ತುಂಬ ಹೊತ್ತು ಹಿಡಿದುಕೊಂಡು ನಿಂತ. ಪರಿಮಳಾ ಕುರ್ಚಿಯಲ್ಲಿ ಕೂತು ಸದ್ದಿಲ್ಲದೆ ಅತ್ತಳು.

ಪತ್ರದ ಅಡಿಯಲ್ಲಿ ಇನ್ನೆರಡು ಸಾಲುಗಳಿದ್ದವು. ಸುಳ್ಳು ಹಾಜರಿ ತೋರಿಸಿದ್ದರಿಂದ ಯಲ್ಲಾಪುರದ ಶಾಲೆಯನ್ನು ಪಟ್ಟಿಯಿಂದ ತೆಗೆದಿದೆ, ಮುಂದೆಂದೂ ಅವರ ಅರ್ಜಿ ಪರಿಶೀಲಿಸುವುದಿಲ್ಲ. ಇದ್ದದ್ದನ್ನೇ ಬರೆದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎರಡು ಸಲ ಹೇಳಿಕೊಂಡಳು.

ಅನುದಾನ ಸಿಕ್ಕವರಿಗೆ ಅವರ ಬಗ್ಗೆ ಬಂದ ಅಭಿಪ್ರಾಯದ ಪ್ರತಿ ಕಳಿಸುವುದು ಪ್ರತಿಷ್ಠಾನದ ನಿಯಮ. ಅದು ಲಕೋಟೆಯ ತಳದಲ್ಲಿತ್ತು. ಸಹಿ ದಾಕ್ಷಾಯಿಣಿಯದು. ಅವಳು ಸಿದ್ದಾಪುರಕ್ಕೆ ಬಂದ ತಾರೀಖು, ಪರಿಮಳಾ ಯಲ್ಲಾಪುರದಲ್ಲಿ ಉಂಡ ದಿನದ್ದೇ. ಹುಬ್ಬಳ್ಳಿಯಲ್ಲಿ ಎರಡು ಅಭಿಪ್ರಾಯಗಳನ್ನು ಯಾರೂ ಒಟ್ಟಿಗೆ ಇಟ್ಟು ನೋಡಿದಂತಿರಲಿಲ್ಲ.

“ಅನುದಾನ ಇವರಿಗೇ ಕೊಡಿ, ನಮ್ಮ ಶಾಲೆ ಒಂದು ವರ್ಷ ತಡೆದೀತು, ಹೆರಿಗೆ ತಡೆಯುವುದಿಲ್ಲ. ನನ್ನನ್ನು ಬಿಟ್ಟಿರದ ಎಂಟು ಸಣ್ಣ ಮಕ್ಕಳನ್ನೂ ಅಂದು ಕರೆದುಕೊಂಡು ಹೋಗಿದ್ದೆ, ಯಾರು ಏನೆಂದು ಕೇಳದೆ ಮತ್ತೊಮ್ಮೆ ಅನ್ನ ಮಾಡಿ ಎಲ್ಲರಿಗೂ ಬಡಿಸಿದರು.” ಮಳೆಗೆ ಮೊದಲೇ ಗಾಡಿ ಬಂತು. ಪರಿಮಳಾ ಹುಬ್ಬಳ್ಳಿಗೆ ಇನ್ನೊಂದು ಪತ್ರ ಬರೆದಳೋ ಇಲ್ಲವೋ, ಅದು ಗೊತ್ತಿಲ್ಲ.