ಒಂದೇ ಪದದ ಪಾಂಡಿತ್ಯ

ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡ ನಡುನೀರಿನಲ್ಲಿ ತೀರಿಕೊಂಡನೆಂದು ಬೆಳಿಗ್ಗೆ ಬಂದರಿನಿಂದ ಅವಳಿಗೆ ಫೋನು ಬಂತು. ದೇಹ ಬರುವುದು ಸಂಜೆಗೆ ಎಂದರು. ಮಧ್ಯಾಹ್ನವೇ ಅವನ ಟ್ರಂಕು ಹೊತ್ತುಕೊಂಡು ಅದೇ ಹಡಗಿನ ಎಂಜಿನ್ ಕೋಣೆಯ ಮುದುಕನೊಬ್ಬ ಮನೆಗೆ ಬಂದ. ಸ್ಪ್ಯಾನಿಷ್ ಬಿಟ್ಟರೆ ಅವನಿಗೆ ಬೇರೆ ಭಾಷೆ ಬಾರದು.

ಮೈದುನ ಮೀಸೆಯಡಿಯಲ್ಲಿ ನಕ್ಕ. "ಮಾತಾಡಿ ಅತ್ತಿಗೆ. ಅಣ್ಣನಿಗೆ ಸ್ಪ್ಯಾನಿಷ್ ನೀರು ಕುಡಿದ ಹಾಗಂತಲ್ಲ! ನಿಮಗೂ ಕಲಿಸಿದಾರೆ ಅಂತಿದ್ರಿ."

ಕೂತಿದ್ದ ನೆಂಟರೆಲ್ಲ ತಿರುಗಿದರು. ಗಂಡನಿಗೆ ಬರುತ್ತಿದ್ದದ್ದು ಒಂದೇ ಪದವೆಂದು ಅವಳೊಬ್ಬಳಿಗೆ ಗೊತ್ತು: 'ಬ್ವೇನೋ'. ಅರ್ಥ, ಒಳ್ಳೆಯದು. ಆದರೆ ಫೋನೆತ್ತಿದರೂ ಅದೇ, ಸಾರಿನ ಉಪ್ಪು ಹದವಾದರೂ ಅದೇ, ಜಗಳ ಸಾಕೆನಿಸಿದರೂ ಅದೇ. "ಆ ಜನಾನೂ ಅದರಲ್ಲೇ ಅರ್ಧ ದಿನ ತಳ್ತಾರೆ ಕಣೇ" ಎನ್ನುತ್ತಿದ್ದ. ಈಗ ಹೆಣ ಹೊಸ್ತಿಲು ದಾಟುವ ಮೊದಲೇ ಅವನ ಮಾನ ಹರಾಜಾಗುವುದರಲ್ಲಿತ್ತು.

ಅವಳು ಸೆರಗು ಸರಿಮಾಡಿಕೊಂಡು ಮುದುಕನ ಎದುರು ಕೂತಳು. "ಬ್ವೇನೋ..." ಎಂದು ರಾಗ ಎಳೆದಳು, ಹೇಳಿ ಎನ್ನುವ ಹಾಗೆ.

ಮುದುಕ ಕಟ್ಟೆಯೊಡೆದಂತೆ ಶುರುಮಾಡಿದ. ಕೈಯಲ್ಲೇ ಸೌಟು ತಿರುಗಿಸಿ, ಬೆರಳು ನೆಕ್ಕಿ ತೋರಿಸಿದ.

"ಬ್ವೇನೋ!" ಅವಳು ತಲೆದೂಗಿದಳು.

ಅವನು ಎದೆ ಬಡಿದುಕೊಂಡು ಅತ್ತ. ಅವಳು ಭುಜ ತಟ್ಟಿ, "ಬ್ವೇನೋ, ಬ್ವೇನೋ" ಎಂದು ಸಮಾಧಾನ ಮಾಡಿದಳು. ಅಳು ನಿಲ್ಲುವಂತೆ ಕಾಣಲಿಲ್ಲ. ಆಗ ಎದ್ದು ನಿಂತು, ಗಟ್ಟಿಯಾಗಿ ಒಂದೇ ಸಲ, "ಬ್ವೇನೋ." ಮುದುಕ ಕಣ್ಣೊರೆಸಿಕೊಂಡ, ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ, ಹೊರಟ.

ಮೈದುನನ ಮೀಸೆ ಇಳಿದಿತ್ತು. "ಏನಂದ ಅತ್ತಿಗೆ?"

"ನಿಮ್ಮಣ್ಣ ಒಳ್ಳೆಯವರು ಅಂದ."

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?"

"ಮಿಕ್ಕಿದ್ದು ದೊಡ್ಡವರ ಮಾತು. ನಿಮಗ್ಯಾಕೆ?"

ಮೈದುನ ಅಂದು ಮೊದಲ ಬಾರಿಗೆ ಅಣ್ಣನ ಟ್ರಂಕಿನ ಮೇಲೆ ತಲೆಯಿಟ್ಟು ಬಿಕ್ಕಿದ.

ಅವಳು ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ದೀಪದ ಮುಂದೆ ಕುಸಿದಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

"ಸ್ವಾಮೀ, ನಿನ್ನ ಪಾದದ ಹತ್ತಿರ ಅವರಿಗೊಂದು ಜಾಗ ಕೊಡು. ನೆಮ್ಮದಿಯಾಗಿರಲಿ. ಅಲ್ಲಿ ಸ್ಪ್ಯಾನಿಷ್‌ನವರ ಪಕ್ಕ ಮಾತ್ರ ಕೂರಿಸಬೇಡಪ್ಪ. ಅಲ್ಲಿ ಸಂಭಾಳಿಸೋಕೆ ನಾನಿರಲ್ಲ."